ಹಿತ್ತಲಿನ ಕೊಳ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಕಪ್ಪೆ, ಏರೋಪ್ಲೇನ್ ಚಿಟ್ಟೆ, ಮಿಂಚುಳ್ಳಿಗಳು ಬರಲಿ ಎಂದು ಮನೆಯ ಹಿತ್ತಲಲ್ಲಿ ತೋಡಿದ ಕೊಳ ಮೊದಲ ವರ್ಷ ಏನಾದರೊಂದು ತಕರಾರು ತೆಗೆದೇ ತೆಗೆಯುತ್ತದೆ. ನೀರು ಇಳಿಯುತ್ತದೆ, ಹಸಿರಾಗುತ್ತದೆ, ನಾರುತ್ತದೆ, ಪಕ್ಕದ ಮನೆಯವರು ಸೊಳ್ಳೆಯ ಮಾತೆತ್ತುತ್ತಾರೆ. ಆಗ ಅಂಗಡಿಗೆ ಓಡಿ ಒಂದು ಬಾಟಲಿ ಔಷಧ ತಂದು ಸುರಿಯುವುದು ಸುಲಭ. ಸುರಿದದ್ದನ್ನು ಮರಳಿ ತೆಗೆಯುವುದು ಮಾತ್ರ ಯಾರಿಂದಲೂ ಆಗದು. ಇಂತಹ ಕೊಳಗಳ ಎರಡನೆಯ ದೋಷ ಬಹಳ ಸಲ ಮೊದಲನೆಯದಕ್ಕೆ ಮಾಡಿದ ಮದ್ದಿನಿಂದಲೇ ಹುಟ್ಟಿರುತ್ತದೆ. ಹಾಗಾಗಿ ಇಲ್ಲಿ ಮೊದಲು ಕಣ್ಣಿನ ಕೆಲಸ, ಆಮೇಲೆ ಕೈಯ ಕೆಲಸ, ಕಾಸಿನ ಕೆಲಸ ಕಟ್ಟಕಡೆಗೆ ಎಂಬ ಕ್ರಮ ಇಟ್ಟುಕೊಂಡಿದ್ದೇನೆ.

ಲೆಕ್ಕಕ್ಕೆ ಹಿಡಿದಿರುವುದು ಬೆಂಗಳೂರು, ಮೈಸೂರು, ಶಿವಮೊಗ್ಗದಂತಹ ಊರುಗಳ ಹಿತ್ತಲಿನ ಸಾಧಾರಣ ಕೊಳವನ್ನು: 8 ಅಡಿ ಉದ್ದ, 6 ಅಡಿ ಅಗಲ, ನಡುವೆ 2 ಅಡಿ ಆಳ, ತಳಕ್ಕೆ ಪ್ಲಾಸ್ಟಿಕ್ ಹಾಳೆ ಅಥವಾ ಸಿಮೆಂಟ್. ಪರೀಕ್ಷೆಗೆ ಬೇಕಾಗುವುದು ಅಳತೆಪಟ್ಟಿ, ಒಂದು ಬಕೆಟ್, ಬಣ್ಣವಿಲ್ಲದ ಗಾಜಿನ ಬಾಟಲಿ, ಒಂದು ಬಿಳಿ ತಟ್ಟೆ ಮತ್ತು ನೀರಿನ ಹುಳಿ-ಕ್ಷಾರದ ಮಟ್ಟ (ಪಿಎಚ್) ತೋರಿಸುವ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪಿಎಚ್ ಪಟ್ಟಿ. ಇನ್ನೊಂದು ಮಾತು ಈಗಲೇ ಹೇಳಬೇಕು. ಐದಾರು ವರ್ಷದೊಳಗಿನ ಮಕ್ಕಳಿರುವ ಅಥವಾ ಬಂದುಹೋಗುವ ಮನೆಯಲ್ಲಿ ನೀರಿನ ಮೇಲೆ ಗಟ್ಟಿ ಜಾಲರಿ ಅಥವಾ ಸುತ್ತ ಬೇಲಿ ಇಲ್ಲದಿದ್ದರೆ ಕೊಳದ ಮೊದಲ ದೋಷವೇ ಅದು. ಅಂಗೈಯಷ್ಟು ಆಳದ ನೀರೂ ಮಗುವಿಗೆ ಅಪಾಯ. ಉಳಿದದ್ದನ್ನೆಲ್ಲ ಆಮೇಲೆ ನೋಡಬಹುದು.

ನೀರು ದಿನದಿನಕ್ಕೆ ಇಳಿಯುತ್ತಿದೆ

ಸೋರಿಕೆ ಎಂದು ತೀರ್ಮಾನಿಸುವ ಮೊದಲು ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಏಪ್ರಿಲ್ ತಿಂಗಳಲ್ಲಿ ತೆರೆದ ನೀರು ದಿನಕ್ಕೆ 5ರಿಂದ 8 ಮಿಲಿಮೀಟರ್ ಆವಿಯಾಗುವುದು ಸಹಜ. ರಾಯಚೂರು, ಕಲಬುರಗಿ ಕಡೆಯ ಬಿಸಿಗಾಳಿಗೆ ಇದು ಒಂದು ಸೆಂಟಿಮೀಟರ್ ಮುಟ್ಟಬಹುದು. ನಾವು ಹಿಡಿದ ಅಳತೆಯ ಕೊಳದಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 45 ಲೀಟರ್, ಅಂದರೆ ಮೂರು ಕೊಡ ನೀರು. ವಾರಕ್ಕೆ ಇಪ್ಪತ್ತು ಕೊಡ ಸುರಿಯುವವರಿಗೆ ಕೊಳ ತೂತಾಗಿದೆ ಎನ್ನಿಸುವುದರಲ್ಲಿ ಆಶ್ಚರ್ಯವಿಲ್ಲ. ಆದರೂ ಅದು ಬರೀ ಬಿಸಿಲಿನ ಕೆಲಸವಾಗಿರಬಹುದು.

ನಿಜ ತಿಳಿಯಲು ಬಕೆಟ್ ಸಾಕು. ಕೊಳದ ಅಂಚಿನ ಮೆಟ್ಟಿಲ ಮೇಲೆ ಕಲ್ಲಿಟ್ಟು, ಅದರ ಮೇಲೆ ಬಕೆಟ್ ಕೂರಿಸಿ. ಬಾಯಿ ನೀರಿಗಿಂತ ಮೇಲಿರಲಿ. ಬಕೆಟ್ಟಿನ ಒಳಗೂ ಹೊರಗಿನಷ್ಟೇ ಮಟ್ಟಕ್ಕೆ ಕೊಳದ ನೀರನ್ನೇ ತುಂಬಿ, ಒಳಗೊಂದು ಹೊರಗೊಂದು ಗೆರೆ ಎಳೆಯಿರಿ. ಮಳೆಯಿಲ್ಲದ ದಿನ ನೋಡಿ, ಮೋಟರ್ ಇದ್ದರೆ ನಿಲ್ಲಿಸಿ, ಮಾರನೆಯ ದಿನ ಅದೇ ಹೊತ್ತಿಗೆ ಎರಡೂ ಗೆರೆ ಪರೀಕ್ಷಿಸಿ. ಒಳಗೂ ಹೊರಗೂ ಒಂದೇ ಸಮ ಇಳಿದಿದ್ದರೆ ಆವಿ. ಹೊರಗೆ ಹೆಚ್ಚು ಇಳಿದಿದ್ದರೆ ಸೋರಿಕೆ. ಮೋಟರ್ ಓಡಿಸಿದ ದಿನ ಮಾತ್ರ ಹೊರಗೆ ಹೆಚ್ಚು ಇಳಿದರೆ ಕೊಳ ಸರಿಯಾಗಿದೆ. ದೋಷ ಇರುವುದು ಪೈಪಿನಲ್ಲೋ, ನೀರು ಬೀಳುವ ಕಲ್ಲಿನಲ್ಲೋ.

ಸೋರಿಕೆ ಖಚಿತವಾದ ಮೇಲೂ ತಳಕ್ಕೆ ಕೈ ಹಾಕಬೇಡಿ, ಅಂಚು ಸುತ್ತಿ ಬನ್ನಿ. ಹಾಳೆಯ ಅಂಚಿನಾಚೆ ಮಣ್ಣು ಒಂದು ಕಡೆ ಮಾತ್ರ ಒದ್ದೆಯಾಗಿದೆಯೇ? ಹುಲ್ಲಿನ ಬೇರು, ಗೋಣಿಚೀಲದ ತುದಿ, ತೆಂಗಿನ ನಾರು ಹಾಳೆಯನ್ನು ದಾಟಿ ನೀರಿಗೆ ಇಳಿಬಿದ್ದಿದೆಯೇ? ಇದ್ದರೆ ಅದೇ ಬತ್ತಿ. ಹಗಲೂ ರಾತ್ರಿಯೂ ನೀರನ್ನು ಮೇಲೆಳೆದು ಹೊರಗಿನ ಮಣ್ಣಿಗೆ ಉಣಿಸುತ್ತಿರುತ್ತದೆ. ಎತ್ತಿ ಒಳಗೆ ಮಡಚಿದರೆ ಮುಗಿಯಿತು, ಖರ್ಚಿಲ್ಲ. ಹೊಸ ಕೊಳಗಳ ಸೋರಿಕೆಯ ದೂರುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಅಂಚು ಸರಿ ಇದ್ದರೆ ನೀರು ತುಂಬಿಸುವುದನ್ನು ನಿಲ್ಲಿಸಿ, ಇಳಿಯಲು ಬಿಡಿ. ಸೋರಿಕೆಯಿಂದ ಇಳಿಯುವ ನೀರು ತೂತಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ನಿಂತ ಗೆರೆಯುದ್ದಕ್ಕೂ ನೀರು ಅಲುಗದ ಹೊತ್ತಿನಲ್ಲಿ ಒಂದೊಂದೇ ಹನಿ ಹಾಲು ಬಿಟ್ಟು ನೋಡಿ. ಎಲ್ಲೆಡೆ ಬಿಳಿ ಹನಿ ಹರಡಿ ಮಾಸುತ್ತದೆ. ತೂತಿನ ಬಳಿ ಮಾತ್ರ ಎಳೆಯಾಗಿ ಒಂದು ದಿಕ್ಕಿಗೆ ಸರಿಯುತ್ತದೆ. ಆ ಜಾಗದಲ್ಲಿ ಮರದ ಬೇರು ಚುಚ್ಚಿರಬಹುದು, ಮಲೆನಾಡಿನಲ್ಲಿ ಏಡಿ ಕೊರೆದಿರಬಹುದು, ಊರುಗಳಲ್ಲಿ ಹೆಗ್ಗಣ ಕೆಳಗಿನಿಂದ ಕಡಿದಿರಬಹುದು. ನೀರು ಮೂರನೆಯ ಒಂದು ಪಾಲಿಗಿಂತ ಕೆಳಗಿಳಿದರೆ ಕಾಯಬೇಡಿ. ಮೀನು, ಗೊದಮೊಟ್ಟೆಗಳನ್ನು ಕೊಳದ ನೀರಿನೊಂದಿಗೇ ನೆರಳಿನಲ್ಲಿಟ್ಟ ಟಬ್ಬಿಗೆ ವರ್ಗಾಯಿಸಿ.

ದುರಸ್ತಿ ಯಾವುದರಿಂದ ಎಂಬುದು ಹಾಳೆ ಯಾವುದು ಎಂಬುದರ ಮೇಲಿದೆ. ಕೃಷಿ ಹೊಂಡಗಳಿಗೆ ಹಾಸುವ 500 ಮೈಕ್ರಾನ್‌ನ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆಗೆ ಸೈಕಲ್ ಪಂಕ್ಚರ್ ಅಂಟು ನಿಲ್ಲುವುದಿಲ್ಲ, ಯಾವ ಅಂಟೂ ನೆಟ್ಟಗೆ ನಿಲ್ಲುವುದಿಲ್ಲ. ಬಿಸಿಗಾಳಿ ಯಂತ್ರದಿಂದ ಬೆಸೆಯಬೇಕು. ಹೊಂಡಕ್ಕೆ ಹಾಳೆ ಹಾಕುವವರ ಬಳಿ ಆ ಯಂತ್ರ ಇರುತ್ತದೆ. ಇಪಿಡಿಎಂ ರಬ್ಬರ್ ಹಾಳೆಯಾದರೆ ಅದಕ್ಕೆಂದೇ ಇರುವ ಪಟ್ಟಿ ಅಂಟಿಸಬಹುದು. ಮಾಮೂಲಿ ಟಾರ್ಪಾಲ್ ಹಾಸಿದ್ದರೆ ತೇಪೆ ಹಾಕುವ ಶ್ರಮವೇ ದಂಡ. ಬಿಸಿಲಿಗೆ ಅದು ಒಂದು ಕಡೆ ಹರಿಯಿತು ಎಂದರೆ ಉಳಿದ ಕಡೆಯೂ ಹರಿಯಲು ತಯಾರಾಗಿದೆ ಎಂದರ್ಥ. ಸಿಮೆಂಟ್ ಕೊಳದಲ್ಲಿ ಕೂದಲೆಳೆಯ ಬಿರುಕನ್ನು ಕೊರೆದು, ನೀರು ತಡೆಯುವ ಮಿಶ್ರಣ ಸೇರಿಸಿದ ಗಾರೆ ತುಂಬಿ, ವಾರವಿಡೀ ಒದ್ದೆ ಇಟ್ಟರೆ ಸಾಕಾಗುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿಡಿ. ಗುರುತು ದಾಟಿ ಬೆಳೆಯುತ್ತಿದ್ದರೆ ಕೆಳಗಿನ ನೆಲವೇ ಕುಸಿಯುತ್ತಿದೆ. ಅಲ್ಲಿಗೆ ನಿಮ್ಮ ಕೆಲಸ ನಿಲ್ಲಿಸಿ, ಅನುಭವವಿರುವ ಮೇಸ್ತ್ರಿಯನ್ನೋ ಎಂಜಿನಿಯರನ್ನೋ ಕರೆಸಿ.

ಒಂದು ಬದಿ ತುಂಬಿ ತುಳುಕುತ್ತಿದೆ, ಎದುರು ಬದಿಯಲ್ಲಿ ಹಾಳೆ ಕಾಣುತ್ತಿದೆ

ಇದು ಸೋರಿಕೆಯಲ್ಲ, ಮಟ್ಟದ ತಪ್ಪು. ನೀರು ಯಾವತ್ತೂ ಸಮನಾಗಿಯೇ ನಿಲ್ಲುತ್ತದೆ, ಓರೆಯಾಗಿರುವುದು ದಂಡೆ. ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಪೈಪ್ ಅಥವಾ ಉದ್ದ ಹಲಗೆಯ ಮೇಲಿಟ್ಟ ರಸಮಟ್ಟದಿಂದ ಯಾವ ಬದಿ ಎಷ್ಟು ತಗ್ಗು ಎಂದು ನೋಡಿ. ತಗ್ಗಿನ ಬದಿಯಲ್ಲಿ ಹಾಳೆಯನ್ನು ಮಡಚಿ ಮೇಲೆತ್ತಿ, ಅದರ ಕೆಳಗೆ ಮಣ್ಣು ಸೇರಿಸಿ ದಮ್ಮಸ್ಸು ಮಾಡಿದರೆ ಸರಿಹೋಗುತ್ತದೆ. ಹಾಳೆಯ ಮೇಲೆ ಮಣ್ಣು ಸುರಿದು ಎತ್ತರಿಸಿದರೆ ಆ ಮಣ್ಣೇ ಮೇಲೆ ಹೇಳಿದ ಬತ್ತಿಯಾಗುತ್ತದೆ.

ನೀರಿನ ಬಣ್ಣ ಕೆಟ್ಟಿದೆ

ಬಾಟಲಿಯಲ್ಲಿ ಕೊಳದ ನೀರು ತುಂಬಿ ರಾತ್ರಿಯಿಡೀ ಅಲುಗಿಸದೆ ಇಡಿ. ಬೆಳಿಗ್ಗೆ ಅದರ ಹಿಂದೆ ಬಿಳಿ ಕಾಗದ ಹಿಡಿದು ನೋಡಿ.

ತಳದಲ್ಲಿ ಮಣ್ಣು ಕುಳಿತು ಮೇಲೆ ತಿಳಿಯಾಗಿದ್ದರೆ ಮಳೆ ನೀರು ದಂಡೆಯ ಮಣ್ಣನ್ನು ಎಳೆದು ತಂದಿದೆ, ಇಲ್ಲವೇ ತಳ ಕೆದಕುವ ಸಾಮಾನ್ಯ ಗೆಂಡೆಯಂತಹ ಮೀನು ಒಳಗಿದೆ. ಹೊರಗಿನ ನೀರು ಒಳಗೆ ಹರಿಯದಂತೆ ದಂಡೆಯನ್ನು ನಾಲ್ಕು ಬೆರಳು ಎತ್ತರಿಸಿ, ಅಲ್ಲಿ ಗರಿಕೆಯನ್ನೋ ಬಜೆಯನ್ನೋ ನೆಡಿ. ಪಟಿಕ ಹಾಕಿ ತಿಳಿಮಾಡುವ ಹಳೆಯ ಉಪಾಯ ಕುಡಿಯುವ ನೀರಿನ ಕೊಡಕ್ಕೆ ಸರಿ, ಕೊಳಕ್ಕಲ್ಲ. ಅದು ನೀರಿನ ಪಿಎಚ್ ಇಳಿಸುತ್ತದೆ. ಗೊದಮೊಟ್ಟೆಗಳು ಅದನ್ನು ತಾಳಲಾರವು.

ನೀರು ತಿಳಿಯಾಗಿದ್ದು ಡಿಕಾಕ್ಷನ್ ಬಣ್ಣವಿದ್ದರೆ ಎಲೆಯ ಒಗರು ಇಳಿದಿದೆ. ಮಾವು, ಹಲಸು, ಬಾದಾಮಿ ಮರದ ಕೆಳಗಿನ ಕೊಳಗಳಲ್ಲಿ ಇದು ಮಾಮೂಲು. ಜೀವಿಗಳಿಗೆ ತೊಂದರೆಯಿಲ್ಲ, ಕಣ್ಣಿಗೆ ಅಷ್ಟೇ. ಬಿದ್ದ ಎಲೆ ಆಗಾಗ ತೆಗೆದರೆ ಸಾಕು.

ರಾತ್ರಿ ಕಳೆದರೂ ಹಸಿರು ಹಾಗೆಯೇ ಉಳಿದಿದ್ದರೆ ಅದು ನೀರಿನಲ್ಲೇ ತೇಲುವ ಸೂಕ್ಷ್ಮ ಪಾಚಿ. ಹೊಸ ಕೊಳ ಮೊದಲ ಕೆಲವು ವಾರ ಹೀಗೆ ಹಸಿರಾಗುವುದು ದೋಷವೇ ಅಲ್ಲ. ಪಾಚಿಯನ್ನು ತಿನ್ನುವ ನೀರುಚಿಗಟಗಳು ಹುಟ್ಟಿ ಹೆಚ್ಚುವ ತನಕ ಅದು ಇರುತ್ತದೆ. ಬೇಸರಪಟ್ಟು ನೀರೆಲ್ಲ ಚೆಲ್ಲಿ ಹೊಸ ನೀರು ತುಂಬಿದವರು ಮತ್ತೆ ಮೊದಲ ದಿನಕ್ಕೆ ಹೋಗುತ್ತಾರೆ. ಅಷ್ಟೇ ಅಲ್ಲ, ಕೊಳವೆಬಾವಿಯ ನೀರಿನಲ್ಲಿ ನೈಟ್ರೇಟ್ ಇದ್ದರೆ ಪಾಚಿಗೆ ಹೊಸ ಊಟವನ್ನೂ ಬಡಿಸಿದಂತಾಗುತ್ತದೆ.

ತಿಂಗಳುಗಟ್ಟಲೆ ಹಸಿರು ಬಿಡದಿದ್ದರೆ ಗೊಬ್ಬರ ಎಲ್ಲಿಂದ ಇಳಿಯುತ್ತಿದೆ ಎಂದು ಹುಡುಕಿ. ಕುಂಡದ ತಾವರೆ, ನೈದಿಲೆಗೆ ಸಗಣಿ ಗೊಬ್ಬರ ಬೆರೆಸಿದ ಮಣ್ಣು ಹಾಕಿದ್ದೀರಾ? ಮೇಲ್ಭಾಗದ ಗುಲಾಬಿ ಪಾತಿಗೆ ಹಾಕಿದ ಬೇವಿನ ಹಿಂಡಿ ಮಳೆಗೆ ಕೊಚ್ಚಿ ಬರುತ್ತಿದೆಯೇ? ಮೀನಿಗೆ ಕಾಳು ಹಾಕುತ್ತಿದ್ದೀರಾ? ಇಂತಹ ಕೊಳದ ಮೀನಿಗೆ ಕಾಳು ಬೇಕಿಲ್ಲ, ಅದು ತಿನ್ನಲೆಂದೇ ಸೊಳ್ಳೆಮರಿ ಇದೆ. ತಾರಸಿಯ ಮಳೆ ನೀರನ್ನು ಕೊಳಕ್ಕೆ ತಿರುಗಿಸಿದ್ದರೆ ಮೊದಲ ಮಳೆಯ ನೀರನ್ನು ಹೊರಬಿಡುವ ನಲ್ಲಿ ಇರಲೇಬೇಕು. ಬೇಸಿಗೆಯ ಧೂಳು, ಪಾರಿವಾಳದ ಹಿಕ್ಕೆ ಎಲ್ಲವೂ ಅದರಲ್ಲಿ ಬರುತ್ತದೆ. ಕುಂಡಗಳಿಗೆ ಗೊಬ್ಬರವಿಲ್ಲದ ಕೆಂಪುಮಣ್ಣು ತುಂಬಿ, ಮೇಲೊಂದು ಪದರ ಜಲ್ಲಿ ಹರಡಿ. ಆಮೇಲೆ ನೆರಳು: ನೀರಿನ ಮೇಲ್ಮೈಯ ಅರ್ಧದಷ್ಟನ್ನು ನೈದಿಲೆ ಎಲೆ ಮುಚ್ಚಿದರೆ ಪಾಚಿ ತಾನಾಗಿ ತಗ್ಗುತ್ತದೆ.

ನೂಲುಪಾಚಿಗೆ ಮದ್ದು ಬೇಡ. ಒರಟು ಕೋಲೊಂದನ್ನು ಅದರೊಳಗೆ ತೂರಿಸಿ ತಿರುಗಿಸಿದರೆ ಶಾವಿಗೆಯಂತೆ ಸುತ್ತಿಕೊಂಡು ಬರುತ್ತದೆ. ಎಳೆದ ಮುದ್ದೆಯನ್ನು ಒಂದು ರಾತ್ರಿ ದಂಡೆಯ ಮೇಲೆ, ನೀರಿಗೆ ತಾಗುವಂತೆ ಇಡಿ. ಬೆಳಗಾಗುವುದರೊಳಗೆ ಅದರಲ್ಲಿ ಸಿಕ್ಕಿಕೊಂಡ ಕೊಡತಿಮರಿ (ಏರೋಪ್ಲೇನ್ ಚಿಟ್ಟೆಯ ಮರಿ), ಬಸವನಹುಳುಗಳು ನೀರಿಗೆ ಮರಳುತ್ತವೆ. ಆಮೇಲೆ ಅದು ಒಳ್ಳೆಯ ಗೊಬ್ಬರ. ತಾಮ್ರ ಬೆರೆತ ಪಾಚಿನಾಶಕಗಳ ಸಹವಾಸ ಮಾತ್ರ ಮಾಡಬೇಡಿ. ಸತ್ತ ಪಾಚಿ ಕೊಳೆತು ನೀರಿನ ಆಮ್ಲಜನಕವನ್ನು ಹೀರುತ್ತದೆ, ತಾಮ್ರ ಬಸವನಹುಳುಗಳನ್ನು ಕೊಲ್ಲುತ್ತದೆ.

ಅಜೋಲಾ, ಅಂತರಗಂಗೆ, ವಾಟರ್ ಹಯಸಿಂತ್ ಮೇಲ್ಮೈಯನ್ನು ಪೂರ್ತಿ ಮುಚ್ಚಿದ್ದರೆ ಮೂರನೆಯ ಒಂದು ಭಾಗವಾದರೂ ತೆರೆದಿರುವಂತೆ ಬಾಚಿ ತೆಗೆಯಿರಿ. ಅಜೋಲಾವನ್ನು ಹಸುವಿಗೋ ಕೋಳಿಗೋ ಹಾಕಬಹುದು. ಹಯಸಿಂತನ್ನು ಒಂದೂ ಉಳಿಸದೆ ಕಿತ್ತು ಒಣಗಿಸಿ. ಕೆರೆಗೋ ರಾಜಕಾಲುವೆಗೋ ಎಸೆಯಬೇಡಿ. ನಮ್ಮ ಕೆರೆಗಳಿಗೆ ಈ ದಕ್ಷಿಣ ಅಮೆರಿಕದ ಗಿಡದಿಂದ ಆಗಿರುವ ಹಾನಿ ಸಾಲದೆ?

ಮೇಲೆ ಎಣ್ಣೆ ತೇಲುತ್ತಿರುವಂತಿದೆ

ಒಂದು ಕಡ್ಡಿ ತೆಗೆದುಕೊಂಡು ಆ ಪದರವನ್ನು ಗೀರಿ. ಒಡೆದ ಚೂರುಗಳು ಮೊನಚು ಅಂಚಿನ ಹಾಳೆಗಳಾಗಿ ಬೇರೆಬೇರೆ ತೇಲುತ್ತಾ ಉಳಿದರೆ ಅದು ಕಬ್ಬಿಣದ ಅಂಶವಿರುವ ನೀರಿನಲ್ಲಿ ಬ್ಯಾಕ್ಟೀರಿಯಾ ಕಟ್ಟುವ ಪೊರೆ. ಕೊಳವೆಬಾವಿಯ ನೀರಿನಿಂದ ತುಂಬಿದ ಕೊಳಗಳಲ್ಲಿ, ತುಕ್ಕು ಬಣ್ಣದ ಕೆಸರಿನ ಜೊತೆಗೆ ಕಾಣುತ್ತದೆ. ನಿರಪಾಯಕಾರಿ. ಗೀರಿದ ಗಾಯ ಕೂಡಲೇ ಕೂಡಿಕೊಂಡು ಕಾಮನಬಿಲ್ಲಿನ ಬಣ್ಣ ಮತ್ತೆ ಮುಚ್ಚಿದರೆ ಅದು ನಿಜವಾದ ಎಣ್ಣೆ: ಮೋಟರಿನದೋ, ವಾಹನ ತೊಳೆದ ನೀರಿನದೋ. ಹಳೆಯ ದಿನಪತ್ರಿಕೆಯ ಹಾಳೆಯನ್ನು ಮೇಲ್ಮೈಗೆ ಹಾಸಿ ಎತ್ತಿದರೆ ಎಣ್ಣೆ ಅದಕ್ಕೆ ಹತ್ತಿ ಬರುತ್ತದೆ. ಮೂಲವನ್ನು ಮುಚ್ಚದೆ ಇದನ್ನು ಮಾಡುತ್ತಾ ಕುಳಿತರೆ ಕೊನೆಯಿಲ್ಲ. ಮೋಟರಿನಿಂದಲೇ ಎಣ್ಣೆ ಬರುತ್ತಿದೆ ಎನಿಸಿದರೆ ಪ್ಲಗ್ ಕಿತ್ತು ಅದನ್ನು ರಿಪೇರಿಗೆ ಕೊಡಿ, ನೀವೇ ಬಿಚ್ಚಬೇಡಿ.

ಕೊಳೆತ ಮೊಟ್ಟೆಯ ವಾಸನೆ

ಕೋಲಿನಿಂದ ತಳ ಕೆದಕಿ. ಗುಳ್ಳೆ ಎದ್ದು, ಕಪ್ಪು ಕೆಸರು ಮೇಲೆ ಬಂದರೆ ಎಲೆ ಕೊಳೆತು ಗಾಳಿಯಿಲ್ಲದ ತಳದಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತಿದೆ. ಒಂದೇ ದಿನ ಎಲ್ಲ ಕೆಸರನ್ನೂ ಕಲಕಿ ತೆಗೆಯಲು ಹೋದರೆ ಆ ಅನಿಲ ನೀರಿಗೆಲ್ಲ ಬೆರೆತು ಮೀನು ಸಾಯುತ್ತದೆ. ವಾರಕ್ಕೊಮ್ಮೆ ಕಾಲು ಭಾಗದಂತೆ ನಿಧಾನವಾಗಿ ತೆಗೆಯಿರಿ. ಇದಕ್ಕೆ ಸರಿಯಾದ ಕಾಲ ಜನವರಿ, ಫೆಬ್ರವರಿ. ಮುಂಗಾರು ಶುರುವಾದ ಮೇಲೆ ಬೇಡ, ಆಗ ಕಪ್ಪೆಗಳ ಸಂಸಾರ ನಡೆದಿರುತ್ತದೆ.

ಕೆಸರಿಗೆ ಇಳಿಯುವಾಗ ಗಮ್ ಬೂಟು, ಕೈಗವಸು ಕಡ್ಡಾಯ. ಇಲಿಯ ಮೂತ್ರ ಸೇರಿದ ನೀರು ಗಾಯದ ಮೂಲಕ ಒಳಹೋದರೆ ಇಲಿಜ್ವರ ಬರಬಹುದು, ಕರಾವಳಿ, ಮಲೆನಾಡಿನಲ್ಲಿ ಇದು ಅಪರೂಪವಲ್ಲ. ಕೊಳ ತೊಳೆದ ಎರಡು ಮೂರು ವಾರಗಳೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ ಕೊಳದ ಸಂಗತಿಯನ್ನೂ ಹೇಳಿ. ವಾಸನೆ ಮೊಟ್ಟೆಯದಲ್ಲ, ಚರಂಡಿಯದು ಎನಿಸಿದರೆ ಶೌಚದ ಗುಂಡಿಯೋ ಒಳಚರಂಡಿ ಪೈಪೋ ಸೋರುತ್ತಿರಬಹುದು. ಆಗ ನೀರಿಗೆ ಕೈ ಹಾಕದೆ ಕೊಳಾಯಿ ಕೆಲಸದವರನ್ನು ಕರೆಯಿರಿ.

ಸೊಳ್ಳೆ ಹೆಚ್ಚಾಗಿದೆ

ಕೊಳವನ್ನು ಬೈಯುವ ಮೊದಲು ಮನೆ ಸುತ್ತಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಷ್ಟವಾದ ಜಾಗ ತೆರೆದ ಕೊಳವಲ್ಲ; ಕುಂಡದ ತಟ್ಟೆ, ಫ್ರಿಜ್ ಹಿಂದಿನ ನೀರಿನ ಟ್ರೇ, ಹಳೆಯ ಟೈರು, ಮುಚ್ಚಳ ಸರಿಯಿಲ್ಲದ ಸಂಪು, ಎಳನೀರಿನ ಬುರುಡೆ. ಅವನ್ನೆಲ್ಲ ಖಾಲಿ ಮಾಡಿ, ಆಮೇಲೆ ಕೊಳಕ್ಕೆ ಬನ್ನಿ.

ದಂಡೆಯ ಹತ್ತಿರ, ಗಿಡದ ನಡುವೆ ನಿಂತ ನೀರನ್ನು ಬಿಳಿ ತಟ್ಟೆಗೆ ಮೊಗೆದು ಒಂದು ನಿಮಿಷ ಸುಮ್ಮನೆ ನೋಡಿ. ತಲೆ ಕೆಳಗಾಗಿ ಓರೆಯಾಗಿ ನೇತಾಡುತ್ತಿದ್ದರೆ ಕ್ಯೂಲೆಕ್ಸ್ ಅಥವಾ ಈಡಿಸ್ ಮರಿ, ಮೇಲ್ಮೈಗೆ ಸಮಾನವಾಗಿ ಅಡ್ಡ ಮಲಗಿದ್ದರೆ ಮಲೇರಿಯಾ ತರುವ ಅನಾಫಿಲಿಸ್ ಗುಂಪಿನದು. ಅದೇ ತಟ್ಟೆಯಲ್ಲಿ ಬೆನ್ನು ಕೆಳಗಾಗಿ ಹುಟ್ಟು ಹಾಕುತ್ತಾ ಈಜುವ ಕೀಟ, ಮಂದಗತಿಯ ಆರು ಕಾಲಿನ ಕೊಡತಿಮರಿ ಕಂಡರೆ ನಿಶ್ಚಿಂತೆ. ಅವು ಸೊಳ್ಳೆಮರಿಯನ್ನು ತಿಂದೇ ಬದುಕುವಂಥವು. ನಾಲ್ಕು ಕಡೆ ಮೊಗೆದರೂ ಬರೀ ಸೊಳ್ಳೆಮರಿ, ಬೇರೆ ಜೀವಿಯೇ ಇಲ್ಲ ಎಂದರೆ ಕೊಳ ತೀರಾ ಹೊಸದು, ಅಥವಾ ಯಾರೋ ಏನನ್ನೋ ಸಿಂಪಡಿಸಿದ್ದಾರೆ.

ಆಗ ಮಾಡಬೇಕಾದದ್ದು ಹೀಗೆ. ದಂಡೆಯ ಮೂಲೆಗಳಲ್ಲಿ ಮುಖ್ಯ ಕೊಳದಿಂದ ಬೇರ್ಪಟ್ಟು ನಿಂತ ಪುಟ್ಟ ಹಳ್ಳಗಳನ್ನು ತುಂಬಿಬಿಡಿ, ಬೇಟೆಗಾರರು ತಲುಪದ ಜಾಗ ಅವೇ. ಒತ್ತಾಗಿ ಬೆಳೆದ ಗಿಡ ಸವರಿ. ಜಾಲಿಯಿಂದ ಮರಿಗಳನ್ನು ದಿನ ಬಿಟ್ಟು ದಿನ ಎತ್ತಿ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೇಸಿಗೆಯಲ್ಲಿ ಒಂದು ವಾರದಿಂದ ಹತ್ತು ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ಎತ್ತಿದರೆ ತಡವಾಗಬಹುದು. ಇಷ್ಟಕ್ಕೂ ಬಗ್ಗದಿದ್ದರೆ ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿ ಅಥವಾ ಬಿಲ್ಲೆಯನ್ನು ಪೊಟ್ಟಣದ ಮೇಲಿನ ಅಳತೆಯಲ್ಲೇ ಹಾಕಿ. ಅದು ಸೊಳ್ಳೆ ಮತ್ತು ಅದರ ಹತ್ತಿರದ ನೊಣಗಳ ಮರಿಗಳನ್ನು ಬಿಟ್ಟು ಕಪ್ಪೆ, ಮೀನು, ಕೊಡತಿಗಳನ್ನು ಮುಟ್ಟುವುದಿಲ್ಲ. ಈ ಇಡೀ ಬರಹದಲ್ಲಿ ಜೀವಿಗಳಿರುವ ಕೊಳಕ್ಕೆ ಬೆರೆಸಬಹುದು ಎಂದು ನಾನು ಹೇಳುವ ಔಷಧ ಇದೊಂದೇ.

ಸೀಮೆಎಣ್ಣೆ, ಸುಟ್ಟ ಎಂಜಿನ್ ಆಯಿಲ್ ಸುರಿಯುವ ಪದ್ಧತಿ ಇನ್ನೂ ಇದೆ. ಮೇಲೆ ಬಂದು ಉಸಿರಾಡುವ ಎಲ್ಲ ಜೀವಿಯನ್ನೂ ಅದು ಕೊಲ್ಲುತ್ತದೆ. ಆರೋಗ್ಯ ಇಲಾಖೆಯವರು ಕೊಡುವ ಗ್ಯಾಂಬೂಸಿಯಾ, ಗಪ್ಪಿ ಮೀನುಗಳು ಬಾವಿಗೆ, ತೊಟ್ಟಿಗೆ ಸರಿ. ಕಪ್ಪೆ ಬೇಕೆಂದು ಕಟ್ಟಿದ ಕೊಳಕ್ಕಲ್ಲ, ಹೊರದೇಶದ ಆ ಗ್ಯಾಂಬೂಸಿಯಾ ಎಳೆಯ ಗೊದಮೊಟ್ಟೆಗಳನ್ನೂ ಕಚ್ಚಿ ಹಾಕುತ್ತದೆ. ಇಲಾಖೆಯವರು ಟೆಮಿಫಾಸ್ ಎಂಬ ಸೊಳ್ಳೆಮರಿ ಕೊಲ್ಲುವ ಔಷಧ ಹಾಕಲು ಬಂದರೆ ಜಗಳ ಬೇಡ. ಅವರ ಮುಂದೆಯೇ ತಟ್ಟೆಯಲ್ಲಿ ನೀರು ಮೊಗೆದು ಮರಿ ಇಲ್ಲವೆಂದು ತೋರಿಸಿ. ಮರಿ ಕಂಡರೆ ತಪ್ಪು ನಿಮ್ಮದೇ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಸುವ ನಗರದ ಮನೆಗಳಿಗೆ 400 ರೂಪಾಯಿ, ಹಳ್ಳಿಯ ಮನೆಗಳಿಗೆ 200 ರೂಪಾಯಿ ದಂಡ ಗೊತ್ತುಮಾಡಿತು.

ಮೀನು ಮೇಲೆ ಬಂದು ಬಾಯಿ ಬಿಡುತ್ತಿದೆ

ಹೊತ್ತು ಗಮನಿಸಿ. ಮುಂಜಾನೆ ಬಾಯಿ ಬಿಟ್ಟು, ಬಿಸಿಲೇರಿದ ಮೇಲೆ ಆರಾಮಾದರೆ ಆಮ್ಲಜನಕದ ಕೊರತೆ. ರಾತ್ರಿ ಗಿಡ, ಪಾಚಿಗಳೂ ಉಸಿರಾಡಿ ಅದನ್ನು ಖರ್ಚು ಮಾಡುತ್ತವೆ. ಬಿಸಿ ನೀರಿನಲ್ಲಿ ಅದು ಕರಗುವುದೇ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ತಕ್ಷಣಕ್ಕೆ ಕೊಳದ ನೀರನ್ನೇ ಚೊಂಬಿನಲ್ಲಿ ಎತ್ತರದಿಂದ ಸುರಿಯುತ್ತಿರಿ. ಆಮೇಲೆ ಗಿಡ ತೆಳುಮಾಡಿ, ಮೀನಿನ ಸಂಖ್ಯೆ ತಗ್ಗಿಸಿ.

ದಿನವಿಡೀ ಬಾಯಿ ಬಿಡುತ್ತಿದ್ದರೆ ನೀರಿನಲ್ಲೇ ಏನೋ ಸೇರಿದೆ. ನಿನ್ನೆ ನಲ್ಲಿ ನೀರು ತುಂಬಿಸಿದಿರಾ? ಅದರ ಕ್ಲೋರಿನ್ ಮೀನಿನ ಕಿವಿರು ಸುಡುತ್ತದೆ. ಡ್ರಮ್ಮಿನಲ್ಲಿ ಎರಡು ದಿನ ಬಾಯ್ತೆರೆದಿಟ್ಟ ನೀರನ್ನೇ ಬಳಸಿ, ಒಮ್ಮೆಗೆ ಕಾಲು ಭಾಗಕ್ಕಿಂತ ಹೆಚ್ಚು ಬದಲಿಸಬೇಡಿ. ಹೊಸ ಸಿಮೆಂಟ್ ಕೊಳವಾದರೆ ಪಿಎಚ್ ಪಟ್ಟಿ ಅದ್ದಿ. 9 ದಾಟಿದ್ದರೆ ಸುಣ್ಣ ಬಿಡುತ್ತಿದೆ. ಜೀವಿಗಳನ್ನು ಟಬ್ಬಿಗೆ ತೆಗೆದು, ವಾರಕ್ಕೊಮ್ಮೆ ನೀರು ತುಂಬಿ ಚೆಲ್ಲುವುದನ್ನು ಎರಡು ಮೂರು ಬಾರಿ ಮಾಡಿ, ಪಿಎಚ್ ಎಂಟೂವರೆಗೆ ಇಳಿದ ಮೇಲೆ ವಾಪಸು ಬಿಡಿ. ಬಾಳೆದಿಂಡಿನ ತುಂಡು ನೆನೆಹಾಕುವ ರೂಢಿಯೂ ಇದೆ. ಹಾಕಿದರೂ ಕೊಳೆತ ಆ ನೀರನ್ನು ಚೆಲ್ಲಲೇಬೇಕು.

ಕಪ್ಪೆ ಮೊಟ್ಟೆ ಇಟ್ಟಿತ್ತು, ಈಗ ಏನೂ ಇಲ್ಲ

ನೆಲಗಪ್ಪೆಯ ಮೊಟ್ಟೆ ಜೆಲ್ಲಿಯ ದಾರದೊಳಗೆ ಸಾಲುಗಟ್ಟಿದ ಕಪ್ಪು ಚುಕ್ಕೆಗಳಾಗಿ ಗಿಡಕ್ಕೆ ಸುತ್ತಿಕೊಂಡಿರುತ್ತದೆ. ಮರಗಪ್ಪೆ ನೀರಿನ ಮೇಲಿನ ಎಲೆಗೋ ಗೋಡೆಗೋ ಬಿಳಿ ನೊರೆಗೂಡು ಕಟ್ಟುತ್ತದೆ. ಸೋಪಿನ ನೊರೆ ಎಂದು ಅದನ್ನು ತೊಳೆದು ಹಾಕುವವರು ಬಹಳ. ಮುಟ್ಟದೆ ಬಿಟ್ಟರೆ ಕೆಲವು ದಿನಗಳಲ್ಲಿ ನೊರೆ ಕರಗಿ ಮರಿಗಳು ನೀರಿಗೆ ಉದುರುತ್ತವೆ. ಗೂಡಿನ ಕೆಳಗೆ ನೀರು ಇಳಿದುಹೋಗಿದ್ದರೆ ಮಾತ್ರ ಕೆಳಗೊಂದು ನೀರಿನ ಟಬ್ ಇಡಿ.

ಸಾವಿರ ಗೊದಮೊಟ್ಟೆಗಳಲ್ಲಿ ಕೆಲವೇ ಕಪ್ಪೆಯಾಗುವುದು ಪ್ರಕೃತಿಯ ಲೆಕ್ಕ. ನೀರುಹಾವು, ಕೊಳದ ಬಕ, ಕೊಡತಿಮರಿ ಎಲ್ಲಕ್ಕೂ ಪಾಲಿದೆ. ಅವುಗಳಿಗಾಗಿ ತಾನೇ ಕೊಳ ಕಟ್ಟಿದ್ದು. ಒಂದೂ ಉಳಿಯದಿದ್ದರೆ ಮೀನನ್ನು ಅನುಮಾನಿಸಿ. ಕಪ್ಪೆಯೇ ಮುಖ್ಯವಾದರೆ ಮೀನನ್ನು ಪೂರ್ತಿ ಬಿಟ್ಟುಬಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮರಿಗಳು ಒಟ್ಟಿಗೆ ಸತ್ತು ತೇಲಿದರೆ ಅದು ಬೇಟೆಯಲ್ಲ, ವಿಷ: ಪಕ್ಕದ ತೋಟದ ಕೀಟನಾಶಕ, ಗೆದ್ದಲ ಮದ್ದು, ಫಿನಾಯಿಲ್ ನೀರು. ಅಲ್ಲಿಂದ ಹರಿದು ಬರುವ ದಾರಿಯನ್ನು ಮೊದಲು ಕಟ್ಟಿ.

ಅಳಿಲು, ಓತಿಕ್ಯಾತ ಸತ್ತು ತೇಲುತ್ತಿವೆ

ಬಿದ್ದ ಪ್ರಾಣಿಗೆ ಹತ್ತಲು ದಾರಿಯಿಲ್ಲ. ಪಾಚಿಗಟ್ಟಿದ ಪ್ಲಾಸ್ಟಿಕ್ ಹಾಳೆ ಎಷ್ಟು ಜಾರುತ್ತದೆ ಎಂಬುದಕ್ಕೆ ಕೃಷಿ ಹೊಂಡಗಳಲ್ಲಿ ಈಜು ಬಲ್ಲವರೂ ಮುಳುಗಿದ ಸುದ್ದಿಗಳೇ ಸಾಕ್ಷಿ. ಒಂದು ಬದಿಯಲ್ಲಾದರೂ ಕಲ್ಲು ಜೋಡಿಸಿ ಇಳಿಜಾರು ಮಾಡಿ, ಅಥವಾ ತೆಂಗಿನ ನಾರಿನ ಚಾಪೆಯನ್ನು ತಳದವರೆಗೆ ಇಳಿಬಿಡಿ. ಅದರ ಮೇಲಿನ ತುದಿ ಹಾಳೆಯ ಅಂಚಿನೊಳಗೇ ಇರಲಿ.

ಹಾವು ಬಂದಿದೆ

ಕಪ್ಪೆ ಇರುವಲ್ಲಿ ಹಾವು ಬರುವುದು ದೋಷವಲ್ಲ. ನೀರಿನಲ್ಲೇ ಈಜಾಡುವ, ಮೈಮೇಲೆ ಚೌಕಳಿ ಗುರುತಿನ, ಕಣ್ಣಿನ ಕೆಳಗೆ ಎರಡು ಕಪ್ಪು ಓರೆಗೆರೆಯ ಹಾವು ಹೆಚ್ಚಾಗಿ ವಿಷವಿಲ್ಲದ ನೀರುಹಾವು. ಆದರೆ ನಾಗರಹಾವಿಗೂ ಕಪ್ಪೆ ಇಷ್ಟ, ಆದ್ದರಿಂದ ಗೆರೆ ಎಣಿಸಲು ಹತ್ತಿರ ಹೋಗಬೇಡಿ. ಕಲ್ಲಿನ ರಾಶಿಯನ್ನು ಬಾಗಿಲಿನಿಂದ ದೂರ ಇಡಿ, ನಡೆದಾಡುವ ದಾರಿಯ ಹುಲ್ಲು ಸವರಿ, ರಾತ್ರಿ ಟಾರ್ಚ್ ಇಲ್ಲದೆ ಕೊಳದ ಬಳಿ ಹೋಗಬೇಡಿ. ಮನೆಯೊಳಗೆ ನುಗ್ಗಿದರೆ ಅಥವಾ ಹೊರಡದೆ ಕುಳಿತರೆ ಅರಣ್ಯ ಇಲಾಖೆಗೆ ಇಲ್ಲವೇ ತರಬೇತಿ ಪಡೆದ ಉರಗ ರಕ್ಷಕರಿಗೆ ಹೇಳಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ಉಂಗುರ, ಬಳೆ ತೆಗೆದು, ಕಚ್ಚಿದ ಅಂಗ ಅಲುಗದಂತೆ ಇಟ್ಟು, 108ಕ್ಕೆ ಕರೆಮಾಡಿ ನೇರವಾಗಿ ಆಸ್ಪತ್ರೆಗೆ ಹೋಗಿ.

ಮಳೆಗಾಲದಲ್ಲಿ ತಳದ ಹಾಳೆ ಉಬ್ಬಿ ಮೇಲೆ ಬಂದಿದೆ

ಕರಾವಳಿ, ಮಲೆನಾಡಿನಲ್ಲಿ ಅಂತರ್ಜಲ ಮೇಲೇರಿ ಹಾಳೆಯನ್ನು ಕೆಳಗಿನಿಂದ ನೂಕುತ್ತದೆ. ಉಬ್ಬನ್ನು ಚುಚ್ಚಬೇಡಿ, ಕೊಳ ಖಾಲಿಯನ್ನಂತೂ ಮಾಡಲೇಬೇಡಿ. ಒಳಗಿನ ನೀರಿನ ಭಾರವೇ ಹಾಳೆಯನ್ನು ಹಿಡಿದಿರುವುದು. ಮಳೆ ತಗ್ಗಿದ ಮೇಲೆ ತಾನಾಗಿ ಕೂರುತ್ತದೆ. ಪ್ರತಿವರ್ಷ ಹೀಗಾದರೆ ಬೇಸಿಗೆಯಲ್ಲಿ ಕೊಳದ ಪಕ್ಕ ಜಲ್ಲಿ ತುಂಬಿದ ಬಸಿಗಾಲುವೆ ತೋಡಿಸಬೇಕು.

ನೀರು ಮುಟ್ಟಿದರೆ ಜುಮ್ಮೆನ್ನುತ್ತದೆ, ಗೋಡೆ ಒದ್ದೆಯಾಗುತ್ತಿದೆ

ಈ ಎರಡರಲ್ಲಿ ಮೊದಲನೆಯದಕ್ಕೆ ಸ್ವಂತ ಪರೀಕ್ಷೆಗೆ ಅವಕಾಶವೇ ಇಲ್ಲ. ನೀರಿನಲ್ಲಿ ಜುಮ್ಮೆಂದರೆ ಕೈ ಹಿಂದೆಗೆದು, ಮನೆಯ ಮುಖ್ಯ ಸ್ವಿಚ್ ಆರಿಸಿ. ಮೋಟರನ್ನು ನೀರಿನಿಂದ ಎತ್ತುವುದು ಅದಾದ ಮೇಲೆ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬಂದು ವೈರು, ಅರ್ಥಿಂಗ್ ನೋಡಿ, ವಿದ್ಯುತ್ ಸೋರಿದೊಡನೆ ತಾನಾಗಿ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅಳವಡಿಸುವ ತನಕ ಕೊಳಕ್ಕೆ ವಿದ್ಯುತ್ ಬೇಡ. ಮೋಟರ್ ಇಲ್ಲದೆಯೂ ಇಂತಹ ಕೊಳ ಚೆನ್ನಾಗಿಯೇ ಬದುಕುತ್ತದೆ.

ಕಾಂಪೌಂಡ್ ಗೋಡೆಯೋ ಮನೆಯ ಅಡಿಪಾಯವೋ ತೇವ ಹೀರುತ್ತಿದ್ದರೆ ಮೊದಲು ಬಕೆಟ್ ಪರೀಕ್ಷೆ ಮಾಡಿ. ಕೊಳ ಸೋರುತ್ತಿಲ್ಲವಾದರೆ ತೇವದ ಮೂಲ ಸಂಪೋ ಕೊಳಾಯಿಯೋ ಇರಬಹುದು. ಸೋರುತ್ತಿದ್ದರೆ ಮಳೆಗಾಲವಲ್ಲದ ದಿನ ನೋಡಿ, ಜೀವಿಗಳನ್ನು ಸ್ಥಳಾಂತರಿಸಿ, ನೀರು ಹೊರಹಾಕಿ. ಗೋಡೆಯಲ್ಲಿ ಬಿರುಕು ಬಿಟ್ಟಿದ್ದರೆ ಎಂಜಿನಿಯರ್ ನೋಡಿದ ಮೇಲೆಯೇ ಮತ್ತೆ ತುಂಬಿಸಬೇಕು. ನೆರೆಮನೆಯ ಗೋಡೆಯಾಗಿದ್ದರೆ ಅವರಿಗೆ ಅಂದೇ ತಿಳಿಸಿ.